ಎಸ್‌ಎಸ್‌ಡಿಯಲ್ಲಿ ಫೈಲ್ ಮೇಲೆ ಸೊನ್ನೆ ಬರೆದರೆ ಹಳೆಯದು ಅಳಿಯುತ್ತಾ?

ಅಳಿಯುತ್ತದೆ ಅಂತ ನಂಬಬೇಡಿ. ಹಾರ್ಡ್ ಡಿಸ್ಕಿನಲ್ಲಿ ಮಾಡುತ್ತಿದ್ದ ಹಾಗೆ ಅದೇ ಜಾಗದಲ್ಲಿ ಸೊನ್ನೆ ತುಂಬಿಸಿದರೆ ಸಾಕಲ್ವಾ ಅಂತ ಕೇಳಿದ್ದೀರಿ, ಆದರೆ ಇಲ್ಲಿ ‘ಅದೇ ಜಾಗ’ ನಿಮ್ಮ ಕೈಗೆ ಸಿಗುವುದಿಲ್ಲ. ಎಸ್‌ಎಸ್‌ಡಿ ಡೇಟಾ ಇಡುವ ಫ್ಲ್ಯಾಶ್ ಚಿಪ್ಪಿನಲ್ಲಿ ಬರೆಯುವುದು ಪೇಜ್ ಅನ್ನೋ ಸಣ್ಣ ತುಣುಕಿನ ಲೆಕ್ಕದಲ್ಲಿ, ಅಳಿಸುವುದು ಮಾತ್ರ ನೂರಾರು ಪೇಜ್ ಸೇರಿದ ಇಡೀ ಬ್ಲಾಕ್ ಲೆಕ್ಕದಲ್ಲಿ. ಹಾಗಾಗಿ ನೀವು 5000ನೇ ಸೆಕ್ಟರಿಗೆ (ಡ್ರೈವಿನ ಜಾಗಕ್ಕೆ ಕಂಪ್ಯೂಟರ್ ಬಳಸುವ ನಂಬರ್) ಸೊನ್ನೆ ಕಳಿಸಿದರೆ ಡ್ರೈವಿನೊಳಗಿನ ಕಂಟ್ರೋಲರ್ ಚಿಪ್ ಅದನ್ನು ಬೇರೆ ಯಾವುದೋ ಖಾಲಿ ಪೇಜಿಗೆ ಬರೆದು, ತನ್ನ ಮ್ಯಾಪಿಂಗ್ ಟೇಬಲ್‌ನಲ್ಲಿ ‘5000 ಈಗ ಇಲ್ಲಿದೆ’ ಅಂತ ತಿದ್ದಿಕೊಳ್ಳುತ್ತದೆ, ಅಷ್ಟೇ. ಹಳೇ ಪೇಜ್ ಗಾರ್ಬೇಜ್ ಕಲೆಕ್ಷನ್ (ಬೇಡವಾದ ಪೇಜ್ ಇರುವ ಬ್ಲಾಕನ್ನು ಡ್ರೈವ್ ತಾನೇ ಅಳಿಸಿ ಖಾಲಿ ಮಾಡುವುದು) ಆಗುವವರೆಗೂ ಚಿಪ್ಪಿನಲ್ಲೇ ಬಿದ್ದಿರುತ್ತದೆ. ಡ್ರೈವ್ ಮಾರುವ ಯೋಚನೆ ಇದ್ದರೆ ಕಂಪನಿಯ ಟೂಲ್‌ನಲ್ಲೇ ಸೆಕ್ಯೂರ್ ಎರೇಸ್ (ಇಡೀ ಡ್ರೈವನ್ನು ಅಳಿಸು ಅಂತ ಡ್ರೈವಿಗೇ ಹೇಳುವ ಆಜ್ಞೆ) ಮಾಡಿ, ಸುಮ್ನೆ ಸೊನ್ನೆ ಬರೆದು ಸವೆಸಬೇಡಿ.