ಪ್ರಾಜೆಕ್ಟ್‌ಗೆ ಕೇಸ್ ಸ್ಟಡಿ ಸುಲಭವಾ, ಕಂಟೆಂಟ್ ಅನಾಲಿಸಿಸ್ ಸುಲಭವಾ?

ಮೂರು ತಿಂಗಳಲ್ಲಿ ಸೈಕಾಲಜಿ ಪ್ರಾಜೆಕ್ಟ್ ಮುಗಿಸಬೇಕು, ಎರಡರಲ್ಲಿ ಯಾವುದು ಸುಲಭ ಅಂತ ಕೇಳಿದ್ದೀರಿ. ಕೇಸ್ ಸ್ಟಡಿ ಅಂದರೆ ಒಬ್ಬರನ್ನೇ ಆಳವಾಗಿ ನೋಡಿ ಬರೆಯುವುದು. ಕಂಟೆಂಟ್ ಅನಾಲಿಸಿಸ್ ಅಂದರೆ ಬರಹಗಳಲ್ಲಿ ಯಾವುದು ಎಷ್ಟು ಸಲ ಬರುತ್ತದೆ ಎಂದು ಗುರುತು ಹಾಕಿ ಎಣಿಸುವುದು. ನಾನು ಉಡುಪಿಯವಳು. ಓದುವಾಗ ಎರಡನ್ನೂ ಮಾಡಿದ್ದೇನೆ. ಎರಡರಲ್ಲೂ ಕಷ್ಟ ಒಂದೇ: ಕಂಡದ್ದು ಯಾವುದು, ನಾವು ಅಂದುಕೊಂಡದ್ದು ಯಾವುದು ಎಂದು ಬೇರೆ ಬೇರೆ ಇಡುವುದು.

ನನ್ನ ಕೇಸ್ ಸ್ಟಡಿ ಮರೆವಿನ ಕಾಯಿಲೆ ಇದ್ದ ಒಬ್ಬ ಅಜ್ಜಿಯದು. ಮಗಳನ್ನೇ "ನೀವು ಯಾರ ಮನೆಯವರು?" ಎಂದು ಕೇಳುತ್ತಿದ್ದರು. ಆದರೆ ಮಡಿಲಲ್ಲಿ ಮೊರ ಇಟ್ಟರೆ ಸಾಕು, ಎಲೆ ಕತ್ತರಿಸಿ, ಹೊಗೆಸೊಪ್ಪು ಹಾಕಿ, ಸುರುಳಿ ಸುತ್ತಿ, ನೂಲು ಬಿಗಿದು ಬೀಡಿ ಕಟ್ಟುತ್ತಿದ್ದರು. ಮೊದಲ ದಿನ ನಾನು "ಕೆಲಸ ಮಾಡುವಾಗ ಖುಷಿಯಾಗಿರುತ್ತಾರೆ" ಅಂತ ಬರೆದೆ. ಗೈಡ್ ಮೇಡಂ ಅದನ್ನು ಹೊಡೆದು ಹಾಕಿ, "ಖುಷಿ ನಿನಗೆ ಕಂಡಿತಾ? ಕಂಡದ್ದನ್ನು ಬರಿ" ಎಂದರು. ನನಗೆ ಕಂಡಿದ್ದು ಅವರು ಹಾಡು ಗುನುಗುತ್ತಿದ್ದದ್ದು, ಅಷ್ಟು ಹೊತ್ತು ಬಾಗಿಲ ಕಡೆ ನೋಡದೆ ಇದ್ದದ್ದು.

ಹೆನ್ರಿ ಮೊಲೈಸನ್ ಕೇಸ್ ಓದಿರುತ್ತೀರಿ, ಅಲ್ವಾ? ಫಿಟ್ಸ್‌ಗಾಗಿ 1953ರಲ್ಲಿ ಮೆದುಳಿನ ಆಪರೇಷನ್ ಆಯಿತು. ಆಮೇಲೆ ಅವರಿಗೆ ಹೊಸ ನೆನಪು ನಿಲ್ಲುತ್ತಿರಲಿಲ್ಲ. ಸೈಕಾಲಜಿಸ್ಟ್ ಬ್ರೆಂಡಾ ಮಿಲ್ನರ್, ಮೊಲೈಸನ್‌ಗೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ಎಳೆಯಲು ಕೊಟ್ಟರು. ನಿನ್ನೆ ಎಳೆದದ್ದು ನೆನಪಿಲ್ಲ, ಆದರೂ ದಿನದಿಂದ ದಿನಕ್ಕೆ ಕೈ ಪಳಗಿತು. ಒಬ್ಬರನ್ನೇ ಹತ್ತಿರದಿಂದ ನೋಡಿದ್ದರಿಂದ, ಕೈಯ ನೆನಪೇ ಬೇರೆ ಎಂಬುದು ತಿಳಿಯಿತು. ಇನ್ನೊಂದು ಕಡೆ ಅಮೆರಿಕದ ರೈಲ್ವೆ ಕೆಲಸಗಾರ ಫಿನಿಯಸ್ ಗೇಜ್. 1848ರಲ್ಲಿ ಕಬ್ಬಿಣದ ಸರಳು ತಲೆ ತೂರಿಹೋದ ಮೇಲೆ ಆತನ ಬದುಕೇ ಕೆಟ್ಟುಹೋಯಿತು ಎಂದು ಎಷ್ಟೋ ಕಡೆ ಬರೆದಿದ್ದಾರೆ. ಅದೇ ಗೇಜ್ ಆಮೇಲೆ ಚಿಲಿ ದೇಶದಲ್ಲಿ ಕೆಲವು ವರ್ಷ ಕುದುರೆಗಾಡಿ ಓಡಿಸಿದ್ದ. ದಾಖಲೆ ಸಣ್ಣದು, ಕಥೆ ಬೆಳೆದದ್ದೇ ಜಾಸ್ತಿ.

ಕೇಸ್ ಸ್ಟಡಿ ಆದರೆ ಒಪ್ಪಿಗೆ ಪತ್ರ ಬೇಕೇ ಬೇಕು. ನಮ್ಮ ಊರಲ್ಲಿ ಹೆಸರು ಮುಚ್ಚಿಟ್ಟರೆ ಸಾಲದು. ಬೀಡಿ ಕಟ್ಟುವವರು ಎಷ್ಟೋ ಮನೆಗಳಲ್ಲಿ ಇದ್ದಾರೆ, ಅದನ್ನು ಹೇಳಬಹುದು. ಮನೆಯ ಹೆಸರು ಬಾಯಿಬಿಟ್ಟರೆ ಮಲ್ಪೆಯಿಂದ ಮಣಿಪಾಲದವರೆಗೆ ಗುರುತು ಸಿಗುತ್ತದೆ.

ಕಂಟೆಂಟ್ ಅನಾಲಿಸಿಸ್‌ಗೆ ನಾನು ತೆಗೆದುಕೊಂಡದ್ದು ಪೇಪರಿನ ವಧು-ವರ ಜಾಹೀರಾತು. ಹುಡುಗಿಯಲ್ಲಿ ಗುಣ ಕೇಳುತ್ತಾರಾ, ಇಲ್ವಾ ಎಂದು ನಾನು, ಗೆಳತಿ ಬೇರೆ ಬೇರೆ ಕೂತು ಗುರುತು ಹಾಕಿದೆವು. "ಹೊಂದಿಕೊಂಡು ಹೋಗುವ ವಧು" ನನಗೆ ಗುಣ. ಅವಳಿಗೆ ಅದು ಮನೆಯವರು ಹಾಕುವ ಷರತ್ತು! ಯಾರದೂ ತಪ್ಪಲ್ಲ, ನಿಯಮವನ್ನೇ ನಾವು ಬರೆದಿರಲಿಲ್ಲ. ಬರೆದು ಮತ್ತೆ ಮೊದಲಿನಿಂದ ಮಾಡಿದೆವು.

ಇಬ್ಬರ ಗುರುತು ಎಷ್ಟು ಹೊಂದಿತು ಎನ್ನಲು ಬರೀ ಶೇಕಡಾ ಲೆಕ್ಕ ನಂಬಬೇಡಿ. 100ರಲ್ಲಿ 80 ಹೊಂದಿದವು ಎನ್ನಿ. ಇಬ್ಬರೂ ಅರ್ಧಕ್ಕರ್ಧ 'ಹೌದು' ಹಾಕುವವರಾದರೆ, ಸುಮ್ನೆ ಕಣ್ಣುಮುಚ್ಚಿ ಹಾಕಿದರೂ ಸುಮಾರು 50 ಹೊಂದುತ್ತವೆ. ಆ 50 ಕಳೆದರೆ, ಉಳಿದ 50ರಲ್ಲಿ ನಿಜವಾಗಿ ಹೊಂದಿದ್ದು 30, ಅಂದರೆ 0.6. ಅಮೆರಿಕದ ಸೈಕಾಲಜಿಸ್ಟ್ ಜೇಕಬ್ ಕೊಹೆನ್ 1960ರಲ್ಲಿ ಕೊಟ್ಟ ಕಪ್ಪಾ ಲೆಕ್ಕ ಇದೇ.

ನಿಮ್ಮ ಪ್ರಶ್ನೆ "ಯಾವುದು ಎಷ್ಟು ಸಲ ಬರುತ್ತದೆ" ಎಂಬುದಾದರೆ ಕಂಟೆಂಟ್ ಅನಾಲಿಸಿಸ್ ಹಿಡಿಯಿರಿ. "ಇವರಿಗೆ ಹೀಗೇಕಾಯಿತು" ಎಂಬುದಾದರೆ ಕೇಸ್ ಸ್ಟಡಿ. ಮೂರೇ ತಿಂಗಳು ಅಂದರೆ ನಾನಾದರೆ ಕಂಟೆಂಟ್ ಅನಾಲಿಸಿಸ್ಸನ್ನೇ ಹಿಡಿಯುತ್ತೇನೆ, ಪೇಪರು ಲೈಬ್ರರಿಯಲ್ಲೇ ಇರುತ್ತದೆ, ಯಾರ ಮನೆ ಬಾಗಿಲಲ್ಲೂ ಕಾಯಬೇಕಿಲ್ಲ. ಈ ವಾರವೇ 20 ಜಾಹೀರಾತು ಇಟ್ಟುಕೊಂಡು ಕ್ಲಾಸಿನ ಒಬ್ಬರ ಜೊತೆ ಗುರುತು ಹಾಕಿ ನೋಡಿ. ಎಲ್ಲಿ ಜಗಳ ಬಂತೋ ಅದನ್ನು ಇಲ್ಲೇ ಬರೆಯಿರಿ, ನಿಯಮ ಒಟ್ಟಿಗೆ ತಿದ್ದೋಣ.