ಅಂಗಡಿಯಲ್ಲಿ ಮಾಡಿದ ಕೆಲಸವನ್ನು ಯೂನಿವರ್ಸಿಟಿ ಅರ್ಜಿಯಲ್ಲಿ ಬರೆಯಬೇಕಾ?

ನಿಮಗೆ 17 ವರ್ಷ, ಗೆಳೆಯರೆಲ್ಲ ಇಂಟರ್ನ್‌ಶಿಪ್ ಅಂತ ಓಡಾಡುತ್ತಿದ್ದಾರೆ, ನೀವು ಮಾತ್ರ ಶನಿವಾರ ಭಾನುವಾರ ಅಂಗಡಿಯ ಕೌಂಟರಿನಲ್ಲಿ ನಿಲ್ಲುತ್ತೀರಿ, ಇದನ್ನು ಅರ್ಜಿಯಲ್ಲಿ ಬರೆದರೆ ಬೆಲೆ ಇದೆಯಾ ಅಂತ ಕೇಳಿದ್ದೀರಿ. ಬರೆಯಿರಿ. ಖಂಡಿತ ಬರೆಯಿರಿ.

ಆದರೆ ಮೊದಲು ಎಲ್ಲಿಗೆ ಅರ್ಜಿ ಹಾಕುತ್ತಿದ್ದೀರಿ ನೋಡಿಕೊಳ್ಳಿ. ನೀಟ್, ಜೆಇಇ ತರಹ ರ‍್ಯಾಂಕ್ ಮೇಲೆಯೇ ಸೀಟು ಕೊಡುವ ಕಡೆ ನೀವು ಏನು ಕೆಲಸ ಮಾಡಿದ್ದೀರಿ ಅಂತ ಯಾರೂ ಕೇಳುವುದೇ ಇಲ್ಲ. ಅಲ್ಲಿಗಾದರೆ ಸುಮ್ನೆ ಓದಿ.

ಅರ್ಜಿಯನ್ನು ಕೂತು ಓದುವ ಕಡೆ ಮಾತು ಬೇರೆ. ಬ್ರಿಟನ್ನಿನಲ್ಲಿ ಯುಕಾಸ್ ಮೂಲಕ ಅರ್ಜಿ ಹಾಕಬೇಕು, ಅದು ಅಲ್ಲಿನ ಯೂನಿವರ್ಸಿಟಿಗಳ ಅರ್ಜಿಗಳನ್ನು ಒಂದೇ ಕಡೆ ತೆಗೆದುಕೊಳ್ಳುವ ಸಂಸ್ಥೆ. 2026ರ ಪ್ರವೇಶದಿಂದ ಅಲ್ಲಿ ಉದ್ದನೆಯ ಒಂದೇ ಬರಹದ ಬದಲು ಮೂರು ಪ್ರಶ್ನೆಗಳಿವೆ, ಎಲ್ಲ ಸೇರಿ 4000 ಅಕ್ಷರ. ಮೂರನೆಯ ಪ್ರಶ್ನೆಯೇ ಓದಿನ ಹೊರಗೆ ಏನು ಮಾಡಿ ತಯಾರಾಗಿದ್ದೀರಿ ಅನ್ನುವುದು. ಅಮೆರಿಕದಲ್ಲಿ ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಕಾಮನ್ ಆ್ಯಪ್‌ನಲ್ಲಿ 10 ಚಟುವಟಿಕೆಗಳಿಗೆ ಜಾಗ ಇದೆ, ಅದರಲ್ಲಿ ಸಂಬಳದ ಕೆಲಸ ಅಂತಲೇ ಒಂದು ವಿಭಾಗ, ಮನೆಯ ಜವಾಬ್ದಾರಿ ಅಂತ ಇನ್ನೊಂದು. ಅಂದರೆ ತಮ್ಮನನ್ನು ನೋಡಿಕೊಂಡಿದ್ದು, ಹಾಸಿಗೆ ಹಿಡಿದ ಅಜ್ಜಿಯ ಆರೈಕೆ ಮಾಡಿದ್ದು ಕೂಡ ಲೆಕ್ಕಕ್ಕೆ ಬರುತ್ತದೆ. ಇದು ಎಷ್ಟೋ ಮಕ್ಕಳಿಗೆ ಗೊತ್ತೇ ಇರುವುದಿಲ್ಲ, ಅದೇ ನನಗೆ ಬೇಜಾರು.

ನನ್ನ ಅಕ್ಕನ ಮಗಳು ನರ್ಸಿಂಗ್‌ಗೆ ಅರ್ಜಿ ಬರೆದು ನನಗೆ ಓದಲು ಕೊಟ್ಟಳು. ಎಲ್ಲಕ್ಕಿಂತ ಮೇಲೆ ಇದ್ದದ್ದು ದುಡ್ಡು ಕೊಟ್ಟು ಮಾಡಿದ ಎರಡು ವಾರದ ಆನ್‌ಲೈನ್ ಕೋರ್ಸು. ಅಲ್ಲಿ ಏನು ಕಲಿತೆ ಅಂದರೆ ತಡವರಿಸಿದಳು. ಎರಡು ವರ್ಷದಿಂದ ಸಂಜೆ ಹೊತ್ತು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳಲ್ಲ, ಅದರ ಸುದ್ದಿಯೇ ಇಲ್ಲ! ಕೇಳಿದರೆ, "ಅದು ಮನೆ ಖರ್ಚಿಗೆ ಅಂತ ಮಾಡಿದ್ದು ಮಾಮ, ಅದನ್ನೆಲ್ಲ ಬರೀತಾರಾ?" ಅಂದಳು. ನನಗೆ ಕರುಳು ಹಿಂಡಿದ ಹಾಗಾಯಿತು. ಆಮೇಲೆ ಮಾತಾಡುತ್ತಾ ಮಾತಾಡುತ್ತಾ ಅವಳೇ ಹೇಳಿದಳು, ವಯಸ್ಸಾದವರು ಬೆಳಿಗ್ಗೆಯ ಮಾತ್ರೆ ಯಾವುದು ರಾತ್ರಿಯದು ಯಾವುದು ಅಂತ ಗೊಂದಲ ಮಾಡಿಕೊಳ್ಳುತ್ತಿದ್ದರು, ಅದಕ್ಕೆ ಇವಳು ಅಂಗಡಿಯವರನ್ನು ಕೇಳಿಕೊಂಡು ಪೊಟ್ಟಣದ ಮೇಲೆ ಸೂರ್ಯ, ಚಂದ್ರನ ಚಿತ್ರ ಬರೆದು ಕೊಡುತ್ತಿದ್ದಳಂತೆ. ಇದಕ್ಕಿಂತ ಇನ್ನೇನು ಬೇಕು? ಕೋರ್ಸನ್ನು ಕೆಳಗೆ ತಳ್ಳಿ ಇದನ್ನೇ ಮೊದಲು ಬರೆದೆವು. ಸೀಟು ಸಿಕ್ಕಿತು. ಅದು ಇದರಿಂದಲೇ ಅಂತ ನಾನು ಹೇಳಲಾರೆ, ಅಂಕವೂ ಚೆನ್ನಾಗಿತ್ತು.

ವೈದ್ಯಕೀಯ, ಪಶುವೈದ್ಯಕೀಯದಂಥ ಕೋರ್ಸುಗಳಿಗೆ ಬ್ರಿಟನ್ನಿನಲ್ಲಿ ಅನುಭವವನ್ನು ಜಾಸ್ತಿ ಗಮನಿಸುತ್ತಾರೆ. ಹಾಗಂತ ಡಾಕ್ಟರ ಪರಿಚಯ ಇರಲೇಬೇಕು ಅಂತಿಲ್ಲ. ವೃದ್ಧಾಶ್ರಮದಲ್ಲಿ ಸಹಾಯ ಮಾಡಿದ್ದು, ಜನರ ಜೊತೆ ವ್ಯವಹರಿಸುವ ಯಾವುದೇ ಕೆಲಸ ಮಾಡಿದ್ದು ಕೂಡ ಹೇಳಿಕೊಳ್ಳುವಂಥದ್ದೇ.

ಬರೆಯುವಾಗ "ತಾಳ್ಮೆ ಕಲಿತೆ, ನಾಯಕತ್ವ ಕಲಿತೆ" ಅಂತ ಬರೆಯಬೇಡಿ, ಅದನ್ನು ಎಲ್ಲರೂ ಬರೆಯುತ್ತಾರೆ. ಕೌಂಟರಿನಲ್ಲಿ ಸಿಟ್ಟಾದ ಗಿರಾಕಿಯೊಬ್ಬರನ್ನು ಹೇಗೆ ಸಮಾಧಾನ ಮಾಡಿದಿರಿ, ಲೆಕ್ಕ ತಪ್ಪಿದ ದಿನ ಏನು ಮಾಡಿದಿರಿ, ಅದನ್ನು ಬರೆಯಿರಿ. ನೀವು ಓದಬೇಕೆಂದಿರುವ ವಿಷಯಕ್ಕೂ ಅದಕ್ಕೂ ನಂಟು ಇದ್ದರೆ ಒಂದು ಸಾಲಿನಲ್ಲಿ ತೋರಿಸಿ, ಇಲ್ಲದಿದ್ದರೆ ಎಳೆದು ತರಬೇಡಿ.

ಇನ್ನೊಂದು ಮಾತು. ಅರ್ಜಿ ಚಂದ ಕಾಣಲಿ ಅಂತ ಈಗ ಹೊಸ ಕೆಲಸ ಹುಡುಕಿಕೊಂಡು ಹೋಗಿ ಅಂಕ ಕಡಿಮೆ ಮಾಡಿಕೊಳ್ಳಬೇಡಿ, ಅಂಕ ಬಿದ್ದರೆ ಯಾವ ಅನುಭವವೂ ಎತ್ತಿ ಹಿಡಿಯುವುದು ಕಷ್ಟ. ಈಗಿರುವ ಕೆಲಸ ಯಾವ ತಿಂಗಳು ಶುರುವಾಯಿತು, ವಾರಕ್ಕೆ ಎಷ್ಟು ಗಂಟೆ ಅಂತ ಇವತ್ತೇ ಒಂದು ಕಡೆ ಬರೆದಿಡಿ. ಕಾಮನ್ ಆ್ಯಪ್‌ನಲ್ಲಿ ವಾರಕ್ಕೆಷ್ಟು ಗಂಟೆ, ವರ್ಷಕ್ಕೆಷ್ಟು ವಾರ ಅಂತ ಕೇಳೇ ಕೇಳುತ್ತಾರೆ, ಕೊನೆಯ ರಾತ್ರಿ ಕೂತು ನೆನಪು ಮಾಡಿಕೊಂಡರೆ ಅದು ಸರಿಯಾಗಿ ಬರುವುದಿಲ್ಲ.