ಸೋಲಿಗರ ಅಗೆಯುವ ಕೋಲು ಮಾಡುವುದು ಹೇಗೆ? ಗುದ್ದಲಿ ಕಾವು ಸಡಿಲವಾಗುವುದೇಕೆ?

ಬಿಳಿಗಿರಿರಂಗನ ಬೆಟ್ಟದ ಬುಡಕಟ್ಟು ಜನರಾದ ಸೋಲಿಗರು ಕಾಡುಗೆಣಸು ಅಗೆಯುವ ಕೋಲನ್ನು ಹೇಗೆ ಮಾಡುತ್ತಾರೆ, ನಿಮ್ಮ ಗುದ್ದಲಿಯ ಕಾವು, ಅಂದರೆ ಮರದ ಹಿಡಿ, ಹಾಕಿದ ತಿಂಗಳಿಗೇ ಏಕೆ ಅಲುಗಾಡುತ್ತದೆ ಎಂದು ಕೇಳಿದ್ದೀರಿ. ಎರಡರಲ್ಲೂ ಮುಖ್ಯವಾದದ್ದು ಮರದ ಹಸಿ ತೆಗೆಯುವ ಕೆಲಸ.

ಬೇರು, ಬೊಡ್ಡೆ, ಕಲ್ಲು ತುಂಬಿದ ಇಳಿಜಾರಿನಲ್ಲಿ ನೇಗಿಲು ಓಡುವುದಿಲ್ಲ. ಓಡಿದರೂ ಉತ್ತ ಮಣ್ಣನ್ನು ಮೊದಲ ಜೋರು ಮಳೆ ಕೊಚ್ಚಿಕೊಂಡು ಹೋಗುತ್ತದೆ. ಅದಕ್ಕೇ ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯದ ಕಾಲದಲ್ಲಿ ರಾಗಿಗೆ ಗುದ್ದಲಿ, ಕಾಡುಗೆಣಸಿಗೆ ಕೋಲು. ಗೆಣಸು ನೆಟ್ಟಗೆ ಕೆಳಗಿಳಿಯುತ್ತದೆ. ಗುದ್ದಲಿ ಹಿಡಿದರೆ ದೊಡ್ಡ ಹೊಂಡವೇ ಬೇಕು, ಗೆಡ್ಡೆಯೂ ತುಂಡಾಗುತ್ತದೆ. ಕೋಲಾದರೆ ಪಕ್ಕದಲ್ಲೇ ಕಿರಿದಾಗಿ ಇಳಿದು ಮಣ್ಣು ಮೀಟುತ್ತದೆ. ಬಳ್ಳಿಯ ಬುಡಕ್ಕಂಟಿದ ತಲೆಭಾಗ ಬಿಟ್ಟು ಮಣ್ಣು ಮುಚ್ಚಿದರೆ ಮತ್ತೆ ಚಿಗುರುತ್ತದೆ.

ಕೋಲು ಎದೆಯೆತ್ತರ, ಅಂದರೆ ಮೂರೂವರೆಯಿಂದ ನಾಲ್ಕು ಅಡಿ ಇರಲಿ. ದಪ್ಪ ಮುಷ್ಟಿಗೆ ಹಿಡಿಯುವಷ್ಟು. ಕೆಳಗಿನ ಒಂದು ಅಡಿಯಲ್ಲಿ ಗಂಟು ಇರಲೇಬಾರದು, ಮೀಟುವಾಗ ಮುರಿಯುವುದೇ ಅಲ್ಲಿ. ತುದಿಯನ್ನು ಸುತ್ತಲೂ ಚೂಪು ಮಾಡಬೇಡಿ, ಜಾರುತ್ತದೆ. ಒಂದೇ ಮಗ್ಗುಲಿಗೆ ನಾಲ್ಕು ಬೆರಳುದ್ದ ಓರೆಯಾಗಿ ಉಳಿಯಂತೆ ಕೆತ್ತಿ. ಆಮೇಲೆ ಕೆಂಡದ ಮೇಲೆ ಹಿಡಿದು ತಿರುಗಿಸುತ್ತಿರಿ. ಉರಿಗೆ ಒಡ್ಡಬಾರದು. ತುದಿ ಕಂದು ಬಣ್ಣಕ್ಕೆ ತಿರುಗಿದರೆ ಸಾಕು. ಕಪ್ಪಾದರೆ ಇದ್ದಿಲಾಯಿತು ಎಂದೇ ಅರ್ಥ, ಮೊದಲ ಕಲ್ಲಿಗೇ ಚಕ್ಕೆ ಏಳುತ್ತದೆ. ಅಷ್ಟನ್ನೂ ಕೆರೆದು ಹಾಕಿ. ಕಬ್ಬಿಣದ ಮೊನೆ ಹಾಕಿಸಿದರೆ ಈ ತಾಪತ್ರಯವಿಲ್ಲ, ಕೋಲು ಭಾರವಾಗುತ್ತದೆ ಅಷ್ಟೇ.

ಇನ್ನು ಕಾವು. ಕೋಲಿಗೆ ದಿಂಡಿಗ ಮರ, ಕಾವಿಗೆ ತಡಸಲು ಮರ ಎನ್ನುವುದು ನನ್ನ ಆಯ್ಕೆ: ದಿಂಡಿಗ ಭಾರ, ಗಟ್ಟಿ, ತಡಸಲು ಬಳುಕುವುದರಿಂದ ಏಟಿನ ಅದುರು ಕೈಗೆ ಕಡಿಮೆ ಬರುತ್ತದೆ. ಎಲೆ ಉದುರುವ ಕಾಲದಲ್ಲಿ ಕಡಿದ ಮರ ಒಳ್ಳೆಯದು. ಎರಡೂ ತುದಿಗೆ ಸಗಣಿ ಬಳಿದು ನೆರಳಲ್ಲಿ ಎರಡು ಮೂರು ತಿಂಗಳು ಬಿಡಿ. ಬಿಸಿಲಿಗಿಟ್ಟರೆ ತುದಿ ಬೇಗ ಒಣಗಿ, ಒಳಗೆ ಹಸಿ ಉಳಿದು, ಸೀಳುತ್ತದೆ. ಒಲೆಯ ಮೇಲಿನ ಅಟ್ಟ ಸಿಕ್ಕರೆ ಇನ್ನೂ ಚೆನ್ನ, ಹೊಗೆಗೆ ಕುಟ್ಟೆ ಹುಳ ಬರುವುದಿಲ್ಲ.

ನಿಮ್ಮದು ಹಸಿ ಕಾವು ಇರಬೇಕು. ಗುದ್ದಲಿಯ ತೂತಿನೊಳಗೆ ಒಣಗಿ ಕುಗ್ಗಿದೆ. ನೀರಲ್ಲಿ ನೆನೆಸಿ ಬಿಗಿ ಮಾಡುವ ಅಭ್ಯಾಸ ಬಿಡಿ: ಉಬ್ಬಿದ ಮರ ಕಬ್ಬಿಣಕ್ಕೆ ಒತ್ತಿ ನಾರು ಜಜ್ಜಿ, ಒಣಗಿದ ಮೇಲೆ ಮೊದಲಿಗಿಂತ ಸಣ್ಣದಾಗುತ್ತದೆ. ಈಗಿನ ಕಾವನ್ನೇ ಪೂರ್ತಿ ಒಣಗಿಸಿ, ಒಣಗಿದ ಗಟ್ಟಿ ಮರದ ಬೆಣೆ ಹೊಡೆಯಿರಿ.

ಬೆಟ್ಟ 1974ರಿಂದ ಅಭಯಾರಣ್ಯ, 2011ರಿಂದ ಹುಲಿ ಮೀಸಲು. ಅಲ್ಲಿಂದ ಮರ ತರುವ ಯೋಚನೆ ಬೇಡ. ನಿಮ್ಮ ಹೊಲದ ಬದುವಿನ ಕರಿಜಾಲಿ ಕಾವಿಗೆ ಧಾರಾಳವಾಗಿ ಆಗುತ್ತದೆ.